ಕಾರಿನ ಬ್ರೇಕ್ ಪೆಡಲ್ ಗಟ್ಟಿಯಾದಾಗ: ದೋಷವನ್ನು ಹುಡುಕುವ ಮತ್ತು ಸರಿಪಡಿಸುವ ಕ್ರಮ

ಬ್ರೇಕ್ ಪೆಡಲ್ ಗಟ್ಟಿಯಾಗಿದೆ ಎಂದು ಹೇಳುವವರೆಲ್ಲರೂ ಒಂದೇ ತೊಂದರೆಯನ್ನು ಹೇಳುತ್ತಿರುವುದಿಲ್ಲ. ಕೆಲವು ಕಾರುಗಳಲ್ಲಿ ಪೆಡಲ್ ಕಲ್ಲಿನ ಮೇಲೆ ಕಾಲಿಟ್ಟಂತಿರುತ್ತದೆ. ಮೈಭಾರವನ್ನೆಲ್ಲ ಹಾಕಿ ತುಳಿದರೂ ಕಾರು ನಿಲ್ಲುವಷ್ಟರಲ್ಲಿ ಬಹಳ ದೂರ ಸಾಗಿರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಪೆಡಲ್ ಎತ್ತರದಲ್ಲೇ ಬಿಗಿದು ನಿಲ್ಲುತ್ತದೆ, ಆದರೆ ಅದರ ಜೊತೆಗೆ ಕಾಲು ತೆಗೆದ ಮೇಲೂ ಬ್ರೇಕ್ ಹಿಡಿದೇ ಇರುತ್ತದೆ, ಚಕ್ರಗಳು ಕಾದು ಸುಟ್ಟ ವಾಸನೆ ಬರುತ್ತದೆ. ಮೊದಲನೆಯದು ಕಾಲಿಗೆ ಸಿಗಬೇಕಾದ ನೆರವು ಸಿಗದಿರುವ ದೋಷ, ಎರಡನೆಯದು ಬ್ರೇಕ್ ಆಯಿಲ್‌ನ ಒತ್ತಡ ಹಿಂದಿರುಗಲಾಗದೆ ಒಳಗೇ ಸಿಕ್ಕಿಕೊಂಡಿರುವ ದೋಷ. ಈ ಎರಡರಲ್ಲಿ ಯಾವುದು ಎಂಬುದನ್ನು ಮೊದಲು ನಿರ್ಧರಿಸದೆ ಪಾನಾ ಕೈಗೆತ್ತಿಕೊಂಡರೆ ಸರಿಯಾಗಿರುವ ಭಾಗವನ್ನು ಬದಲಿಸಿ ಕೆಟ್ಟಿರುವ ಭಾಗವನ್ನು ಹಾಗೆಯೇ ಉಳಿಸಿಕೊಳ್ಳುವ ಸಂಭವವೇ ಹೆಚ್ಚು.

ನಾನು ಬಳಸುತ್ತಿದ್ದ ಹಳೆಯ ಕಾರೊಂದರಲ್ಲಿ ಹೀಗೆಯೇ ಆಯಿತು. ಪೆಡಲ್ ಗಟ್ಟಿಯಾಯಿತೆಂದು, ನಿರ್ವಾತದ ಬಲದಿಂದ ಕಾಲಿಗೆ ನೆರವು ಕೊಡುವ ಬೂಸ್ಟರನ್ನು ಬದಲಿಸಿದ ಮೇಲೂ ತೊಂದರೆ ಇದ್ದಂತೆಯೇ ಇತ್ತು. ಹೊರಗಿನಿಂದ ನೋಡಲು ಹೊಸದರಂತೆಯೇ ಇದ್ದ, ಎಂಜಿನ್ನಿನಿಂದ ಬೂಸ್ಟರ್‌ಗೆ ಬರುವ ನಿರ್ವಾತದ ಹೋಸ್ ಪೈಪನ್ನು ಕೊನೆಗೆ ಉದ್ದುದ್ದಕ್ಕೆ ಕತ್ತರಿಸಿ ನೋಡಿದಾಗ ಒಳಪದರ ಕಿತ್ತುಬಂದು ಗಾಳಿಯ ದಾರಿಯನ್ನು ಮುಚ್ಚಿಕೊಂಡಿತ್ತು. ಪರೀಕ್ಷೆಯ ಕ್ರಮವನ್ನು ನಾನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಆ ಅನುಭವವೇ ಕಾರಣ: ಮೊದಲು ನಿರ್ವಾತ ಹುಟ್ಟುವ ಜಾಗ ಮತ್ತು ಅದು ಬರುವ ದಾರಿ, ನಂತರ ಬೂಸ್ಟರ್, ಅದಾದ ಮೇಲೆಯೇ ಆಯಿಲ್ ಮತ್ತು ಚಕ್ರದ ಕಡೆಯ ಭಾಗಗಳು.

ರಸ್ತೆಯಲ್ಲಿರುವಾಗಲೇ ಪೆಡಲ್ ಗಟ್ಟಿಯಾದರೆ

ಓಡುತ್ತಿರುವ ಕಾರಿನಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಗಟ್ಟಿಯಾದರೆ ಬ್ರೇಕ್ ಪೂರ್ತಿಯಾಗಿ ಹೋಯಿತೆಂದು ಭಾವಿಸಬಾರದು. ಪೆಡಲ್‌ನಿಂದ ಚಕ್ರದವರೆಗಿನ ಆಯಿಲ್ ಸಂಪರ್ಕ ಹಾಗೆಯೇ ಇರುತ್ತದೆ. ಹೋಗಿರುವುದು ನೆರವಿನ ಬಲ ಮಾತ್ರ. ಬೆನ್ನನ್ನು ಸೀಟಿಗೆ ಒತ್ತಿ, ಬೇಕಾದರೆ ಎರಡೂ ಕಾಲುಗಳನ್ನು ಇಟ್ಟು, ಪೆಡಲನ್ನು ಒಂದೇ ಸಮನೆ ಬಲವಾಗಿ ತುಳಿದು ಹಿಡಿಯಬೇಕು. ಮತ್ತೆ ಮತ್ತೆ ಬಿಟ್ಟು ತುಳಿಯಬಾರದು, ಏಕೆಂದರೆ ಬೂಸ್ಟರ್‌ನಲ್ಲಿ ಉಳಿದಿರುವ ಅಲ್ಪಸ್ವಲ್ಪ ನಿರ್ವಾತ ಪ್ರತಿ ತುಳಿತಕ್ಕೂ ಖರ್ಚಾಗುತ್ತದೆ. ಜೊತೆಯಲ್ಲೇ ಗೇರನ್ನು ಒಂದೊಂದಾಗಿ ಇಳಿಸುತ್ತಾ ಎಂಜಿನ್ನಿನ ಹಿಡಿತದಿಂದ ವೇಗ ಕಡಿಮೆ ಮಾಡಬೇಕು, ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಜಗ್ಗದೆ ಗುಂಡಿಯನ್ನು ಒತ್ತಿ ಹಿಡಿದುಕೊಂಡು ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು. ಕಾರು ನಿಲ್ಲುವವರೆಗೂ ಎಂಜಿನ್ನನ್ನು ಆರಿಸಬಾರದು. ಇಂಧನ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸಿ ಕಾರನ್ನು ಹರಿಬಿಡುವ ಅಭ್ಯಾಸವಿರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು: ಅಂಥ ಇಳಿಜಾರಿನಲ್ಲಿ ಎರಡು ಮೂರು ಬಾರಿ ಬ್ರೇಕ್ ತುಳಿದ ಮೇಲೆ ಪೆಡಲ್ ಗಟ್ಟಿಯಾಗುವುದು ದೋಷವೇ ಅಲ್ಲ, ಅದು ವ್ಯವಸ್ಥೆಯ ಸ್ವಭಾವ.

ಹೀಗೆ ನಿಲ್ಲಿಸಿದ ಕಾರನ್ನು ದೋಷ ಸಿಗುವವರೆಗೆ ಮತ್ತೆ ಓಡಿಸಬಾರದು. ಎಳೆಸಿಕೊಂಡು ಹೋಗುವುದಾದರೂ ಹಗ್ಗ ಕಟ್ಟಿ ಎಳೆಸುವುದು ಅಪಾಯಕರ, ಏಕೆಂದರೆ ಹಿಂದಿನ ಕಾರನ್ನು ನಿಲ್ಲಿಸಬೇಕಾದುದು ಇದೇ ಗಟ್ಟಿ ಪೆಡಲ್. ಕಾರನ್ನು ಪೂರ್ತಿಯಾಗಿ ಮೇಲೇರಿಸಿಕೊಳ್ಳುವ ವಾಹನವೇ ಸರಿ.

ನೆರವು ಎಲ್ಲಿಂದ ಬರುತ್ತದೆ

ಬಾನೆಟ್ ತೆರೆದರೆ ಚಾಲಕನ ಬದಿಯಲ್ಲಿ, ಕ್ಯಾಬಿನ್ನಿನ ಗೋಡೆಗೆ ಅಂಟಿಕೊಂಡಂತೆ, ಮುಚ್ಚಿದ ಎರಡು ತಟ್ಟೆಗಳಂತಹ ಕಪ್ಪು ಬಣ್ಣದ ದುಂಡನೆಯ ಡಬ್ಬಿ ಕಾಣುತ್ತದೆ. ಅದೇ ಬ್ರೇಕ್ ಬೂಸ್ಟರ್. ಅದರ ಮುಂದೆ ಪೆಡಲ್‌ನ ಬಲವನ್ನು ಆಯಿಲ್‌ನ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರ್, ಅದರ ಮೇಲೆ ಬ್ರೇಕ್ ಆಯಿಲ್‌ನ ಡಬ್ಬಿ ಇರುತ್ತವೆ. ಬೂಸ್ಟರ್‌ನ ಒಳಗೆ ರಬ್ಬರಿನ ಡಯಾಫ್ರಾಮ್, ಅಂದರೆ ಬಾಗುವ ಪರದೆ, ಅದನ್ನು ಎರಡು ಕೋಣೆಗಳಾಗಿ ವಿಭಜಿಸುತ್ತದೆ. ಪೆಡಲನ್ನು ಮುಟ್ಟದಿರುವಾಗ ಎರಡೂ ಕೋಣೆಗಳಲ್ಲಿ ಸಮನಾದ ನಿರ್ವಾತ, ಅಂದರೆ ಮೆಕ್ಯಾನಿಕ್‌ಗಳು ವ್ಯಾಕ್ಯೂಮ್ ಎನ್ನುವುದು, ಇರುತ್ತದೆ. ಪೆಡಲ್ ತುಳಿದಾಗ ನಡುವಿನ ವಾಲ್ವ್ ತೆರೆದು ಪೆಡಲ್ ಬದಿಯ ಕೋಣೆಗೆ ಹೊರಗಿನ ಗಾಳಿ ನುಗ್ಗುತ್ತದೆ. ಒಂದು ಕಡೆ ವಾತಾವರಣದ ಒತ್ತಡ, ಇನ್ನೊಂದು ಕಡೆ ನಿರ್ವಾತ, ಈ ಅಂತರವೇ ಡಯಾಫ್ರಾಮನ್ನು ಮುಂದಕ್ಕೆ ತಳ್ಳಿ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ.

ಈ ಬಲ ಎಷ್ಟಿರುತ್ತದೆ ಎಂಬುದನ್ನು ಲೆಕ್ಕ ಹಾಕಿದರೆ ಪೆಡಲ್ ಏಕೆ ಅಷ್ಟು ಗಟ್ಟಿಯಾಗುತ್ತದೆ ಎಂಬುದು ತಾನಾಗಿಯೇ ಅರ್ಥವಾಗುತ್ತದೆ. ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿರುವಾಗ, ಅಂದರೆ ಆಕ್ಸಿಲರೇಟರ್ ತುಳಿಯದೆ ಓಡುತ್ತಿರುವಾಗ, ಎಂಜಿನ್ನಿಗೆ ಗಾಳಿ ಹೋಗುವ ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ಪಾದರಸದ 18ರಿಂದ 22 ಇಂಚಿನಷ್ಟು, ಅಂದರೆ ಸುಮಾರು 60ರಿಂದ 75 ಕಿಲೋಪಾಸ್ಕಲ್ ನಿರ್ವಾತ ಇರುತ್ತದೆ. 9 ಇಂಚು ವ್ಯಾಸದ ಡಯಾಫ್ರಾಮ್ ಮೇಲೆ 60 ಕಿಲೋಪಾಸ್ಕಲ್ ಅಂತರ ಕೆಲಸ ಮಾಡಿದರೆ ಸುಮಾರು 250 ಕಿಲೋಗ್ರಾಂ ಭಾರದಷ್ಟು ಬಲ ಹುಟ್ಟುತ್ತದೆ. 1927ರಲ್ಲಿ ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ದೆವಾಂದ್ರ್ ನಿರ್ವಾತದಿಂದ ಬ್ರೇಕ್‌ಗೆ ನೆರವು ಪಡೆಯುವ ಉಪಾಯವನ್ನು ರೂಪಿಸುವ ಮೊದಲು ಬಹುತೇಕ ಚಾಲಕರು ಕಾಲಿನ ಬಲದಿಂದಲೇ ಕಾರು ನಿಲ್ಲಿಸುತ್ತಿದ್ದರು ಎಂಬುದು ನಿಜ. ಆದರೆ ಬೂಸ್ಟರ್ ಇಲ್ಲದ ಕಾರುಗಳಲ್ಲಿ ಪೆಡಲ್‌ನ ಸನ್ನೆಕೋಲು ಕಾಲಿನ ಬಲವನ್ನು ಸುಮಾರು ಆರು ಪಟ್ಟು ಹೆಚ್ಚಿಸುವಂತೆ ಉದ್ದವಾಗಿರುತ್ತದೆ, ಬೂಸ್ಟರ್ ಇರುವ ಕಾರುಗಳಲ್ಲಿ ಅದು ನಾಲ್ಕು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಬೂಸ್ಟರ್ ಕೆಟ್ಟ ಕಾರು ಬೂಸ್ಟರ್ ಇಲ್ಲದ ಕಾರಿಗಿಂತಲೂ ಕಠಿಣವಾಗಿ ವರ್ತಿಸುತ್ತದೆ.

ಡೀಸೆಲ್ ಎಂಜಿನ್ನಿನ ಮ್ಯಾನಿಫೋಲ್ಡ್‌ನಲ್ಲಿ ಇಷ್ಟು ನಿರ್ವಾತ ಹುಟ್ಟುವುದಿಲ್ಲ. ಅದಕ್ಕಾಗಿ ಕ್ಯಾಮ್‌ಶಾಫ್ಟ್‌ನಿಂದಲೋ ಆಲ್ಟರ್ನೇಟರ್‌ನಿಂದಲೋ ತಿರುಗುವ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇರುತ್ತದೆ. ಟರ್ಬೊ ಇರುವ ಹಲವು ಪೆಟ್ರೋಲ್ ಎಂಜಿನ್‌ಗಳಲ್ಲೂ ಇಂಥದೇ ಪಂಪ್ ಇರುತ್ತದೆ. ನಿಮ್ಮ ಕಾರಿನಲ್ಲಿ ನಿರ್ವಾತ ಎಲ್ಲಿಂದ ಬರುತ್ತದೆ ಎಂಬುದನ್ನು ಬೂಸ್ಟರ್‌ನಿಂದ ಹೊರಟ ದಪ್ಪ ಹೋಸ್ ಪೈಪನ್ನು ಕೈಯಿಂದ ಹಿಡಿದುಕೊಂಡು ಅದರ ಕೊನೆಯವರೆಗೂ ಹೋಗಿ ಕಣ್ಣಾರೆ ನೋಡಿ ತಿಳಿದುಕೊಳ್ಳುವುದು ಒಳ್ಳೆಯದು.

ಉಪಕರಣವಿಲ್ಲದೆ ಮಾಡಬಹುದಾದ ಪರೀಕ್ಷೆಗಳು

ಎಲ್ಲಕ್ಕಿಂತ ಮೊದಲು ಪೆಡಲ್‌ನ ಕೆಳಗೆ ಇಣುಕಿ ನೋಡಬೇಕು. ಜರುಗಿಬಂದ ನೆಲಹಾಸು, ಉರುಳಿಬಂದ ನೀರಿನ ಬಾಟಲಿ ಪೆಡಲನ್ನು ತಡೆದು ನಿಲ್ಲಿಸಿರುವುದು ಅಪರೂಪವೇನಲ್ಲ. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡಬೇಕು: ಎಂಜಿನ್ ಆರಿಸಿದ ಮೇಲೆ ಪೆಡಲನ್ನು ಹಲವು ಬಾರಿ ತುಳಿದಿದ್ದರೆ ಅದು ಗಟ್ಟಿಯಾಗಲೇಬೇಕು. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಹೀಗಾದಾಗ ಬ್ರೇಕ್ ಸ್ವಿಚ್ಚಿಗೆ ಬೇಕಾದಷ್ಟು ಪೆಡಲ್ ಇಳಿಯದೆ ಎಂಜಿನ್ನೇ ಚಾಲೂ ಆಗದಿರಬಹುದು. ಬಲವಾಗಿ ತುಳಿದು ಗುಂಡಿ ಒತ್ತಿದರೆ ಸಾಕು, ಬ್ಯಾಟರಿಯನ್ನು ಶಂಕಿಸಬೇಕಾಗಿಲ್ಲ.

ಮೊದಲನೆಯ ಪರೀಕ್ಷೆಗೆ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು, ಆಟೋಮ್ಯಾಟಿಕ್ ಆಗಿದ್ದರೆ ಪಾರ್ಕ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲೋ ಮರದ ತುಂಡೋ ಅಡ್ಡ ಕೊಡಬೇಕು. ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಪೆಡಲನ್ನು ಐದಾರು ಬಾರಿ ಪೂರ್ತಿಯಾಗಿ ತುಳಿದು ಬಿಟ್ಟು ಒಳಗಿನ ನಿರ್ವಾತವನ್ನು ಬರಿದು ಮಾಡಬೇಕು. ಈಗ ಪೆಡಲ್ ಗಟ್ಟಿಯಾಗಿರುತ್ತದೆ. ಅದರ ಮೇಲೆ ಕಾಲನ್ನು ಹಗುರವಾಗಿ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಬೇಕು. ವ್ಯವಸ್ಥೆ ಸರಿಯಾಗಿದ್ದರೆ ಕೆಲವೇ ಕ್ಷಣಗಳಲ್ಲಿ ಪೆಡಲ್ ಕಾಲಿನ ಕೆಳಗೆ ತಾನಾಗಿಯೇ ಸ್ವಲ್ಪ ತಗ್ಗಿ ಮೆತ್ತಗಾಗುತ್ತದೆ. ಏನೂ ಆಗದಿದ್ದರೆ ನೆರವು ಹುಟ್ಟುತ್ತಿಲ್ಲ ಅಥವಾ ಬೂಸ್ಟರ್‌ವರೆಗೆ ತಲುಪುತ್ತಿಲ್ಲ, ಇಲ್ಲವೇ ತಲುಪಿದರೂ ಬೂಸ್ಟರ್ ಅದನ್ನು ಬಳಸಿಕೊಳ್ಳುತ್ತಿಲ್ಲ ಎಂದರ್ಥ. ಪೆಡಲ್ ಚೆನ್ನಾಗಿ ತಗ್ಗಿದರೆ ಬೂಸ್ಟರನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟು ಚಕ್ರಗಳ ಕಡೆಗೆ ನೋಡಬೇಕು.

ಎರಡನೆಯದು ನಿರ್ವಾತ ಉಳಿಯುತ್ತದೆಯೇ ಎಂಬ ಪರೀಕ್ಷೆ. ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ ಆರಿಸಬೇಕು, ನಂತರ ಪೆಡಲನ್ನು ಸಾಧಾರಣ ಬಲದಿಂದ ಸ್ವಲ್ಪ ಬಿಡುವು ಕೊಟ್ಟು ಒಂದೊಂದಾಗಿ ತುಳಿಯಬೇಕು. ಮೊದಲ ತುಳಿತಕ್ಕೆ ಪೆಡಲ್ ಚೆನ್ನಾಗಿ ಕೆಳಗಿಳಿದು, ಎರಡನೆಯ ಮೂರನೆಯ ತುಳಿತಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ನಿಲ್ಲುತ್ತಾ ಹೋದರೆ ಬೂಸ್ಟರ್ ನಿರ್ವಾತವನ್ನು ಹಿಡಿದಿಟ್ಟುಕೊಳ್ಳುತ್ತಿದೆ. ಮೊದಲ ತುಳಿತವೇ ಗಟ್ಟಿಯಾಗಿದ್ದರೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಅಥವಾ ಬೂಸ್ಟರ್ ಸೋರುತ್ತಿದೆ. ಮೂರನೆಯದು ಇದಕ್ಕೆ ಜೋಡಿಯಾದ ಪರೀಕ್ಷೆ: ಎಂಜಿನ್ ಓಡುತ್ತಿರುವಾಗ ಪೆಡಲ್ ತುಳಿದು ಹಿಡಿದು, ಕಾಲು ಕದಲಿಸದೆ ಎಂಜಿನ್ ಆರಿಸಿ, 30 ಸೆಕೆಂಡ್ ಹಾಗೆಯೇ ಕಾಯಬೇಕು. ಪೆಡಲ್ ಇದ್ದಲ್ಲೇ ಇದ್ದರೆ ಸರಿ. ಕಾಲನ್ನು ಮೇಲಕ್ಕೆ ತಳ್ಳುತ್ತಾ ಏರಿದರೆ ಬೂಸ್ಟರ್‌ನ ಒಳಗೋ ಚೆಕ್ ವಾಲ್ವ್‌ನಲ್ಲೋ ಸೋರಿಕೆಯಿದೆ.

ಈ ಪರೀಕ್ಷೆಗಳನ್ನು ಮಾಡುವಾಗ ಕಿವಿಯನ್ನೂ ಬಳಸಬೇಕು. ತುಳಿಯುವ ಕ್ಷಣದಲ್ಲಿ ಪೆಡಲ್‌ನ ಬುಡದಲ್ಲಿ ನಿಟ್ಟುಸಿರಿನಂತಹ ಸಣ್ಣ ಸದ್ದು ಬಂದು ನಿಲ್ಲುವುದು ಸಹಜ, ಅದು ಕೋಣೆಗೆ ಗಾಳಿ ಹೋಗುವ ಸದ್ದು. ಪೆಡಲನ್ನು ಕದಲಿಸದೆ ಹಿಡಿದಿರುವಾಗಲೂ ಬುಸುಗುಡುವ ಸದ್ದು ನಿಲ್ಲದಿದ್ದರೆ, ಅದರ ಜೊತೆಗೆ ಎಂಜಿನ್ನಿನ ಐಡಲ್ ಏರುಪೇರಾದರೆ, ಡಯಾಫ್ರಾಮ್ ಹರಿದಿದೆ ಅಥವಾ ಒಳಗಿನ ವಾಲ್ವ್ ಕೂರುತ್ತಿಲ್ಲ ಎಂದು ಬಹುತೇಕ ಖಚಿತವಾಗಿ ಹೇಳಬಹುದು.

ನಿರ್ವಾತದ ದಾರಿಯನ್ನು ಪರೀಕ್ಷಿಸುವುದು

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಇದೇ, ಏಕೆಂದರೆ ಇಲ್ಲಿ ಕೆಡುವ ವಸ್ತುಗಳು ಅಗ್ಗದವು, ಬದಲಿಸಲು ಸುಲಭವಾದವು, ಆದರೂ ಎಲ್ಲರೂ ದಾಟಿಹೋಗುವಂಥವು. ಎಂಜಿನ್ ಆರಿಸಿ ಪೆಡಲನ್ನು ತುಳಿದು ನಿರ್ವಾತ ಬರಿದಾದ ಮೇಲೆ ಬೂಸ್ಟರ್‌ನ ಮುಖದಲ್ಲಿರುವ ಹೋಸ್ ಪೈಪನ್ನು ಪ್ಲಾಸ್ಟಿಕ್ ಮೂತಿಯ ಸಮೇತ ಸಾವಕಾಶವಾಗಿ ಅಲುಗಾಡಿಸುತ್ತಾ ಎಳೆದು ತೆಗೆಯಬೇಕು. ಆ ಮೂತಿಯಲ್ಲೇ ಸಾಮಾನ್ಯವಾಗಿ ಚೆಕ್ ವಾಲ್ವ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಪೈಪಿನ ನಡುವೆ ಸೇರಿಕೊಂಡಿದ್ದು ಹೊರಗೆ ಬಾಣದ ಗುರುತು ಮಾತ್ರ ಕಾಣುತ್ತದೆ. ಬೂಸ್ಟರ್‌ನಿಂದ ಎಂಜಿನ್ನಿನ ಕಡೆಗೆ ಗಾಳಿ ಹೋಗಬೇಕು, ಎಂಜಿನ್ನಿನಿಂದ ಬೂಸ್ಟರ್‌ನ ಕಡೆಗೆ ಹೋಗಬಾರದು. ವಾಲ್ವನ್ನು ಬಿಡಿಸಿ ಒರೆಸಿ ಬಾಯಿಂದ ಊದಿ ನೋಡಿದರೆ ಇದು ತಿಳಿಯುತ್ತದೆ. ಎರಡೂ ಕಡೆ ಗಾಳಿ ಹೋದರೆ ನಿರ್ವಾತ ನಿಲ್ಲುವುದಿಲ್ಲ, ಯಾವ ಕಡೆಯೂ ಹೋಗದಿದ್ದರೆ ನಿರ್ವಾತ ತಲುಪುವುದೇ ಇಲ್ಲ. ಎರಡು ಸಂದರ್ಭಗಳಲ್ಲೂ ಹೊಸ ವಾಲ್ವ್ ಬೇಕು. ಅದು ಕೂರುವ ರಬ್ಬರ್ ಬುಷ್ ಒಣಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಬೇಕು. ವಾಲ್ವನ್ನು ಹಿಂದುಮುಂದಾಗಿ ಜೋಡಿಸಿದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ ಎಂಬುದನ್ನು ಮರೆಯಬಾರದು.

ಹೋಸ್ ಪೈಪನ್ನು ಮೇಲಿನಿಂದ ಮಾತ್ರ ನೋಡಿ ಬಿಡಬಾರದು. ಉದ್ದಕ್ಕೂ ಬೆರಳುಗಳಿಂದ ಹಿಸುಕುತ್ತಾ ಹೋದರೆ ಎಣ್ಣೆ ಕುಡಿದು ಮೆತ್ತಗಾದ ಜಾಗ, ಒಳಗೆ ಪದರ ಬಿಟ್ಟಿರುವ ಜಾಗ ಕೈಗೆ ತಿಳಿಯುತ್ತದೆ. ಎರಡೂ ತುದಿ ಬಿಡಿಸಿ ಒಳಕ್ಕೆ ಬೆಳಕು ಹಾಯಿಸಿ ನೋಡಬೇಕು. ಎಂಜಿನ್ ಓಡುತ್ತಿರುವಾಗ ಪೈಪ್ ಒಳಕ್ಕೆ ಚಪ್ಪಟೆಯಾಗುತ್ತದೆಯೇ ಎಂಬುದನ್ನು ಇನ್ನೊಬ್ಬರ ನೆರವಿನಿಂದ ಗಮನಿಸಬೇಕು. ಬದಲಿಸುವಾಗ ಕೈಗೆ ಸಿಕ್ಕ ನೀರಿನ ಪೈಪನ್ನೋ ತೆಳು ಇಂಧನದ ಪೈಪನ್ನೋ ಹಾಕಬಾರದು. ಅವು ಒಳಗಿನಿಂದ ಹೊರಕ್ಕೆ ಒತ್ತುವ ಬಲವನ್ನು ತಡೆಯಲು ಮಾಡಿದವು, ಇಲ್ಲಿ ಬೇಕಾದುದು ಹೊರಗಿನ ಗಾಳಿ ಒಳಕ್ಕೆ ಹಿಸುಕುವುದನ್ನು ತಡೆಯುವ ದಪ್ಪ ಗೋಡೆಯ ಪೈಪ್.

ಪೈಪ್ ಮತ್ತು ವಾಲ್ವ್ ಎರಡೂ ಸರಿಯಾಗಿದ್ದರೆ ನಿರ್ವಾತವನ್ನು ಅಳೆಯಬೇಕು. ವ್ಯಾಕ್ಯೂಮ್ ಗೇಜನ್ನು ಬೂಸ್ಟರ್‌ಗೆ ಬರುವ ಪೈಪಿನ ತುದಿಗೆ ಜೋಡಿಸಿ, ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಓದಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಮುಳ್ಳು ಅಲುಗಾಡದೆ 18 ಇಂಚಿನ ಮೇಲೆ ನಿಂತರೆ ಮೂಲದಲ್ಲಿ ತೊಂದರೆಯಿಲ್ಲ. ಎತ್ತರದ ಪ್ರದೇಶಗಳಲ್ಲಿ ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ಈ ಸಂಖ್ಯೆ ಸುಮಾರು ಒಂದೊಂದು ಇಂಚು ಕಡಿಮೆಯಾಗುತ್ತದೆ, ಅದನ್ನು ದೋಷವೆಂದು ಎಣಿಸಬಾರದು. ಅದಕ್ಕೂ ಮೀರಿ ಕಡಿಮೆಯಿದ್ದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರಿಕೆ, ಇಗ್ನಿಷನ್ ಅಥವಾ ವಾಲ್ವ್ ಟೈಮಿಂಗ್ ತಪ್ಪಿರುವುದು, ಸವೆದ ಎಂಜಿನ್ ಇವುಗಳಲ್ಲಿ ಯಾವುದಾದರೂ ಇರಬಹುದು. ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿನ ಆಸುಪಾಸಿನಲ್ಲಿ ಹಿಡಿದಾಗ ಮುಳ್ಳು ನಿಧಾನವಾಗಿ ಕೆಳಗಿಳಿಯುತ್ತಲೇ ಹೋದರೆ ಸೈಲೆನ್ಸರ್ ಅಥವಾ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿರುವ ಶಂಕೆ ಬರಬೇಕು. ಬ್ರೇಕ್ ಪೆಡಲ್‌ನ ದೂರಿಗೆ ಸೈಲೆನ್ಸರ್ ಕಾರಣವಾಗಬಹುದೆಂದು ಯಾರಿಗೂ ಮೊದಲಿಗೆ ಹೊಳೆಯುವುದಿಲ್ಲ. ಗೇಜ್ ಹೇಳಿದರೆ ಮಾತ್ರ ತಿಳಿಯುತ್ತದೆ.

ಪಂಪ್ ಇರುವ ಎಂಜಿನ್ನಿನಲ್ಲಿ ಓದು ಇದಕ್ಕಿಂತ ಸಾಕಷ್ಟು ಹೆಚ್ಚಿರಬೇಕು, ಅಲ್ಲದೆ ಎಂಜಿನ್ ಚಾಲೂ ಆದ ಸ್ವಲ್ಪ ಹೊತ್ತಿನಲ್ಲೇ ಅಲ್ಲಿಗೆ ಏರಬೇಕು. ನಿಖರವಾದ ಸಂಖ್ಯೆಯನ್ನು ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿ ನೋಡಬೇಕು. ಪಂಪಿಗೆ ಹೋಗುವ ಎಂಜಿನ್ ಆಯಿಲ್‌ನ ದಾರಿ ಕಟ್ಟಿಕೊಂಡರೂ ಒಳಗಿನ ರೆಕ್ಕೆಗಳು ಸವೆದರೂ ನಿರ್ವಾತ ಬೀಳುತ್ತದೆ. ಟರ್ಬೊ ಮುಂತಾದ ಇತರ ಭಾಗಗಳಿಗೆ ಇದೇ ಪಂಪಿನಿಂದ ತೆಳು ಪೈಪುಗಳು ಹೋಗಿರುವುದುಂಟು. ಅವುಗಳನ್ನು ಒಂದೊಂದಾಗಿ ಬಿಡಿಸಿ ಬಾಯಿ ಮುಚ್ಚಿ ಗೇಜನ್ನು ನೋಡುತ್ತಾ ಹೋದರೆ ಸೋರುತ್ತಿರುವ ಕವಲು ಸಿಕ್ಕಿಬೀಳುತ್ತದೆ.

ಬೂಸ್ಟರ್ ಬದಲಿಸುವುದು

ನಿರ್ವಾತ ಬೂಸ್ಟರ್‌ನ ಬಾಗಿಲವರೆಗೆ ಸರಿಯಾಗಿ ಬರುತ್ತಿದ್ದು, ಚೆಕ್ ವಾಲ್ವ್ ಕೆಲಸ ಮಾಡುತ್ತಿದ್ದು, ಆದರೂ ಮೇಲಿನ ಪರೀಕ್ಷೆಗಳು ಸೋತರೆ ಬೂಸ್ಟರ್ ಕೆಟ್ಟಿದೆ ಎಂದು ಒಪ್ಪಿಕೊಳ್ಳಬಹುದು. ಅದನ್ನು ಬಿಚ್ಚಿ ಒಳಗೆ ರಿಪೇರಿ ಮಾಡುವ ಪ್ರಯತ್ನಕ್ಕೆ ಮನೆಯಲ್ಲಿ ಕೈಹಾಕಬಾರದು. ಒಳಗೆ ಬಲವಾದ ಸ್ಪ್ರಿಂಗ್ ಒತ್ತಿಕೊಂಡು ಕುಳಿತಿರುತ್ತದೆ. ಪೂರ್ತಿ ಬೂಸ್ಟರನ್ನೇ ಬದಲಿಸಬೇಕು.

ಕಾರಣವನ್ನೂ ಅಲ್ಲೇ ಹುಡುಕಬೇಕು. ಹೊರಗೆ ಎಲ್ಲೂ ಸೋರದಿದ್ದರೂ ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತಾ ಬಂದಿದ್ದರೆ ಮಾಸ್ಟರ್ ಸಿಲಿಂಡರ್‌ನ ಹಿಂದಿನ ಸೀಲ್ ಮೂಲಕ ಆಯಿಲ್ ಬೂಸ್ಟರ್‌ಗೆ ಇಳಿದು ಒಳಗಿನ ರಬ್ಬರನ್ನು ಹಾಳುಮಾಡಿರಬಹುದು. ಅದು ಎಂಜಿನ್ನಿಗೆ ಎಳೆಯಲ್ಪಟ್ಟರೆ ಸೈಲೆನ್ಸರ್‌ನಿಂದ ಬಿಳಿ ಹೊಗೆಯೂ ಬರುತ್ತದೆ. ಹಾಗಿದ್ದಾಗ ಮಾಸ್ಟರ್ ಸಿಲಿಂಡರನ್ನು ಉಳಿಸಿಕೊಂಡು ಬೂಸ್ಟರನ್ನು ಮಾತ್ರ ಬದಲಿಸಿದರೆ ಹೊಸ ಬೂಸ್ಟರ್‌ಗೂ ಅದೇ ಗತಿ.

ಕೆಲಸ ಶುರುಮಾಡುವ ಮೊದಲು ಪೆಡಲ್ ತುಳಿದು ನಿರ್ವಾತ ಬರಿದು ಮಾಡಬೇಕು. ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ ಹಿಡಿದಿರುವ ಎರಡು ನಟ್ಟುಗಳನ್ನು ಬಿಚ್ಚಿ, ಪೈಪುಗಳು ಸಡಿಲವಾಗಿ ಬಾಗುವಷ್ಟು ಜಾಗವಿದ್ದರೆ ಅವುಗಳನ್ನು ಬಿಚ್ಚದೆ ಸಿಲಿಂಡರನ್ನು ಮುಂದಕ್ಕೆ ಜರುಗಿಸಿಡಬಹುದು. ಲೋಹದ ಪೈಪ್ ಮಡಚಿಕೊಳ್ಳುವ ಸಂದೇಹವಿದ್ದರೆ ಬಿಚ್ಚಿ, ಕೊನೆಯಲ್ಲಿ ಆಯಿಲ್‌ನಿಂದ ಗಾಳಿ ತೆಗೆಯುವುದೇ ಲೇಸು. ಆಮೇಲೆ ಕಾರಿನೊಳಗೆ ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ, ಪೆಡಲನ್ನು ಬೂಸ್ಟರ್‌ನ ಸರಳಿಗೆ ಸೇರಿಸಿರುವ ಪಿನ್ನನ್ನು ತೆಗೆದು, ಗೋಡೆಗೆ ಬೂಸ್ಟರನ್ನು ಹಿಡಿದಿರುವ ನಟ್ಟುಗಳನ್ನು, ಸಾಮಾನ್ಯವಾಗಿ ನಾಲ್ಕು, ಬಿಚ್ಚಿದರೆ ಬೂಸ್ಟರ್ ಬಾನೆಟ್ ಕಡೆಯಿಂದ ಹೊರಬರುತ್ತದೆ. ಆ ಪಿನ್ ಮತ್ತು ಪೆಡಲ್ ತಿರುಗುವ ಬುಷ್ ತುಕ್ಕು ಹಿಡಿದಿವೆಯೇ ಎಂಬುದನ್ನೂ ಇದೇ ಸಮಯದಲ್ಲಿ ನೋಡಬೇಕು. ಕೈಯಿಂದ ಆಡಿಸಿದರೆ ಪೆಡಲ್ ತಡೆಯಿಲ್ಲದೆ ಮೇಲೆ ಕೆಳಗೆ ಹೋಗಬೇಕು.

ಹೊಸ ಬೂಸ್ಟರ್ ಕೂರಿಸುವಾಗ ಎಚ್ಚರ ತಪ್ಪಬಾರದಾದ ಒಂದು ಅಂಶವಿದೆ, ಅದು ಬೂಸ್ಟರ್‌ನಿಂದ ಮಾಸ್ಟರ್ ಸಿಲಿಂಡರ್ ಕಡೆಗೆ ಚಾಚಿರುವ ಸರಳಿನ ಉದ್ದ. ಅದು ಬೇಕಾದುದಕ್ಕಿಂತ ಉದ್ದವಾಗಿದ್ದರೆ ಸಿಲಿಂಡರ್‌ನ ಪಿಸ್ಟನ್ ಪೂರ್ತಿಯಾಗಿ ಹಿಂದಕ್ಕೆ ಬರದೆ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ. ಗಿಡ್ಡವಾಗಿದ್ದರೆ ಪೆಡಲ್ ಸುಮ್ಮನೆ ಬಹಳ ಕೆಳಗಿಳಿಯುತ್ತದೆ. ಹಳೆಯ ಬೂಸ್ಟರ್‌ನ ಅಳತೆಯನ್ನು ಡೆಪ್ತ್ ಗೇಜ್‌ನಿಂದ ತೆಗೆದು ಹೊಸದರ ಜೊತೆ ಹೋಲಿಸಿ, ಕೈಪಿಡಿಯಲ್ಲಿ ಹೇಳಿದ ಅಂತರಕ್ಕೆ ಹೊಂದಿಸಬೇಕು. ನಟ್ಟುಗಳನ್ನೂ ಕೈಪಿಡಿಯ ಟಾರ್ಕ್‌ಗೆ ಬಿಗಿಯಬೇಕು.

ನಿರ್ವಾತ ಸರಿಯಿದ್ದೂ ಕಾರು ನಿಲ್ಲದಿದ್ದರೆ

ಬೂಸ್ಟರ್‌ನ ಪರೀಕ್ಷೆಗಳೆಲ್ಲ ಗೆದ್ದರೂ ಪೆಡಲನ್ನು ಬಲವಾಗಿ ತುಳಿಯಬೇಕಾಗಿದ್ದರೆ ತೊಂದರೆ ಇರುವುದು ಚಕ್ರಗಳನ್ನು ಬ್ರೇಕ್ ಹಿಡಿಯುವ ಜಾಗದಲ್ಲಿ. ಅತಿಯಾಗಿ ಕಾದು ಗಾಜಿನಂತೆ ಹೊಳಪಾದ ಪ್ಯಾಡ್‌ಗಳು, ಎಣ್ಣೆ ಅಥವಾ ಗ್ರೀಸ್ ತಗುಲಿದ ಪ್ಯಾಡ್‌ಗಳು, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಜಾರುವ ಪಿನ್ನುಗಳು ತುಕ್ಕು ಹಿಡಿದಿರುವುದು, ಅದರ ಪಿಸ್ಟನ್ ಕಚ್ಚಿಕೊಂಡಿರುವುದು ಇವೇ ಮುಖ್ಯ ಕಾರಣಗಳು. ಕಾರನ್ನು ಜಾಕ್‌ನಿಂದ ಎತ್ತಿ, ಜಾಕ್ ಮೇಲೆಯೇ ಬಿಡದೆ ಸ್ಟ್ಯಾಂಡ್ ಕೊಟ್ಟು, ಚಕ್ರ ತೆಗೆದು ನೋಡಬೇಕು. ಒಳ ಪ್ಯಾಡ್ ಸವೆದು ಹೊರ ಪ್ಯಾಡ್ ಹಾಗೆಯೇ ಉಳಿದಿದ್ದರೆ ಕ್ಯಾಲಿಪರ್ ಜಾರುತ್ತಿಲ್ಲ. ಪಿನ್ನುಗಳನ್ನು ತೆಗೆದು ಶುಚಿ ಮಾಡಿ ಬ್ರೇಕ್‌ಗೆಂದೇ ಇರುವ ಸಿಲಿಕೋನ್ ಗ್ರೀಸ್ ಸವರಬೇಕು; ಸಾಮಾನ್ಯ ಬೇರಿಂಗ್ ಗ್ರೀಸ್ ಅಲ್ಲಿನ ರಬ್ಬರನ್ನು ಉಬ್ಬಿಸುತ್ತದೆ. ಎಣ್ಣೆ ಹೀರಿದ ಪ್ಯಾಡನ್ನು ತೊಳೆದು ಮತ್ತೆ ಬಳಸುವಂತಿಲ್ಲ. ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಬೇಕು.

ಪೆಡಲ್ ಗಟ್ಟಿಯಾಗಿದ್ದು ಚಕ್ರಗಳು ಹಿಡಿದುಕೊಂಡಿದ್ದರೆ

ಆರಂಭದಲ್ಲಿ ಹೇಳಿದ ಎರಡನೆಯ ಬಗೆಯ ದೋಷ ಇದು. ಹೊರಡುವಾಗ ಸರಿಯಾಗಿದ್ದ ಕಾರು ಕೆಲವು ಕಿಲೋಮೀಟರ್ ಓಡಿದ ಮೇಲೆ ಪೆಡಲ್ ಮೇಲೆ ಮೇಲೆ ನಿಲ್ಲತೊಡಗಿ, ಕಾರು ಎಳೆಯಲಾರದೆ ಎಳೆದಂತಾಗುತ್ತದೆ. ಮರಳುವ ದಾರಿ ಮುಚ್ಚಿರುವುದರಿಂದ ಬಿಸಿಯಾದ ಆಯಿಲ್ ಹಿಗ್ಗಿ ಒಳಗೇ ಒತ್ತಡ ಬೆಳೆಯುತ್ತದೆ, ಒತ್ತಡ ಬೆಳೆದಂತೆ ಪ್ಯಾಡ್‌ಗಳು ಇನ್ನಷ್ಟು ಉಜ್ಜಿ ಬಿಸಿ ಹೆಚ್ಚುತ್ತದೆ.

ಇದನ್ನು ಹುಡುಕುವ ಕ್ರಮ ಸರಳವೂ ನಿಖರವೂ ಆಗಿದೆ. ತೊಂದರೆ ಇರುವಾಗಲೇ ಚಕ್ರಗಳನ್ನು ಸ್ಟ್ಯಾಂಡ್ ಮೇಲೆತ್ತಿ ಕೈಯಿಂದ ತಿರುಗಿಸಲು ನೋಡಬೇಕು. ತಿರುಗದಿದ್ದರೆ ಮಾಸ್ಟರ್ ಸಿಲಿಂಡರ್‌ನ ಎರಡು ನಟ್ಟುಗಳನ್ನು ಕೆಲವು ಸುತ್ತು ಸಡಿಲಿಸಿ ಸಿಲಿಂಡರನ್ನು ಸ್ವಲ್ಪ ಮುಂದಕ್ಕೆ ಬರಗೊಡಬೇಕು. ಆಗ ಚಕ್ರಗಳು ಬಿಟ್ಟುಕೊಂಡರೆ ಸರಳಿನ ಉದ್ದವೋ ಪೆಡಲ್‌ನ ಹೊಂದಾಣಿಕೆಯೋ ತಪ್ಪಿದೆ, ಅಥವಾ ಬೂಸ್ಟರ್ ಪೂರ್ತಿಯಾಗಿ ಹಿಂದಕ್ಕೆ ಬರುತ್ತಿಲ್ಲ. ಬಿಟ್ಟುಕೊಳ್ಳದಿದ್ದರೆ ಸಿಲಿಂಡರ್‌ನಿಂದ ಹೊರಡುವ ಪೈಪಿನ ನಟ್ಟನ್ನು, ಬಟ್ಟೆ ಸುತ್ತಿ, ತುಸುವೇ ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ದೋಷ ಮಾಸ್ಟರ್ ಸಿಲಿಂಡರ್‌ನಲ್ಲಿದೆ. ಅದಕ್ಕೂ ಬಿಡದೆ ಕ್ಯಾಲಿಪರ್‌ನಲ್ಲಿ ಆಯಿಲ್‌ನಿಂದ ಗಾಳಿ ತೆಗೆಯಲೆಂದಿರುವ ಬ್ಲೀಡಿಂಗ್ ಸ್ಕ್ರೂ ತೆರೆದಾಗ ಮಾತ್ರ ಬಿಟ್ಟರೆ ನಡುವಿನ ರಬ್ಬರ್ ಹೋಸ್ ಒಳಗೆ ಊದಿಕೊಂಡು ಹೋಗುವ ಆಯಿಲನ್ನು ಬಿಟ್ಟು ಬರುವ ಆಯಿಲನ್ನು ತಡೆಯುತ್ತಿದೆ. ಸ್ಕ್ರೂ ತೆರೆದರೂ ಚಕ್ರ ಹಿಡಿದೇ ಇದ್ದರೆ ಕ್ಯಾಲಿಪರ್ ತಾನೇ ಕಚ್ಚಿಕೊಂಡಿದೆ. ಈ ಪರೀಕ್ಷೆಯಲ್ಲಿ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಬೇಕು.

ನಾಲ್ಕೂ ಚಕ್ರಗಳು ಹಿಡಿದಿದ್ದರೆ ಆಯಿಲ್ ಡಬ್ಬಿಯ ಮುಚ್ಚಳ ತೆರೆದು ಅದರ ರಬ್ಬರನ್ನು ನೋಡಬೇಕು. ಅದು ಉಬ್ಬಿ ಮೆತ್ತಗಾಗಿ ತನ್ನ ಜಾಗದಲ್ಲಿ ಕೂರದಂತಾಗಿದ್ದರೆ ಯಾರೋ ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲನ್ನೋ ಸ್ಟಿಯರಿಂಗ್ ಆಯಿಲನ್ನೋ ತುಂಬಿಸಿದ್ದಾರೆ. ಡಬ್ಬಿಯ ಆಯಿಲ್‌ನ ಕೆಲವು ಹನಿಗಳನ್ನು ಒಂದು ಲೋಟ ನೀರಿಗೆ ಬಿಟ್ಟರೆ ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ, ಎಂಜಿನ್ ಆಯಿಲ್ ತೇಲುತ್ತದೆ. ಹೀಗಾಗಿದ್ದರೆ ಆಯಿಲ್ ಬದಲಿಸಿದರೆ ಸಾಲದು, ಅದು ಮುಟ್ಟಿದ ಪ್ರತಿಯೊಂದು ರಬ್ಬರ್ ಭಾಗವನ್ನೂ ಬದಲಿಸಿ ಲೋಹದ ಪೈಪುಗಳನ್ನು ತೊಳೆಯಬೇಕು. ಕಷ್ಟದ ಮಾತು, ಆದರೆ ಇದಕ್ಕೆ ಅಡ್ಡದಾರಿಯಿಲ್ಲ.

ಎಂಜಿನ್ನಿನ ನಿರ್ವಾತವನ್ನು ಅವಲಂಬಿಸದ ವ್ಯವಸ್ಥೆಗಳು

ಕೆಲವು ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಬೂಸ್ಟರ್‌ಗೆ ವಿದ್ಯುತ್ ವ್ಯಾಕ್ಯೂಮ್ ಪಂಪ್ ಇರುತ್ತದೆ. ಪೆಡಲನ್ನು ಹಲವು ಬಾರಿ ತುಳಿದಾಗ ಪಂಪ್ ಓಡುವ ಸದ್ದು ಕೇಳಿಸದಿದ್ದರೆ ಫ್ಯೂಸ್ ಮತ್ತು ರಿಲೇಯಿಂದ ಪರೀಕ್ಷೆ ಶುರುಮಾಡಬೇಕು. ಬಾಷ್ ಕಂಪನಿಯ ಐಬೂಸ್ಟರ್‌ನಂತೆ ಮೋಟರ್‌ನಿಂದಲೇ ಪೆಡಲ್‌ಗೆ ನೆರವು ಕೊಡುವ ಘಟಕಗಳಿದ್ದರೆ ಎಚ್ಚರಿಕೆ ದೀಪದ ಹಿಂದಿನ ಸಂಕೇತವನ್ನು ಸ್ಕ್ಯಾನರ್‌ನಿಂದ ಓದಿಸುವುದೇ ಸರಿಯಾದ ದಾರಿ, ಅವುಗಳನ್ನು ಮನೆಯಲ್ಲಿ ಬಿಚ್ಚುವ ಹಾಗಿಲ್ಲ. ಪವರ್ ಸ್ಟಿಯರಿಂಗ್‌ನ ಆಯಿಲ್ ಒತ್ತಡದಿಂದಲೇ ಬ್ರೇಕ್‌ಗೂ ನೆರವು ಪಡೆಯುವ ಭಾರೀ ವಾಹನಗಳಲ್ಲಿ ಪೆಡಲ್ ಮತ್ತು ಸ್ಟಿಯರಿಂಗ್ ಎರಡೂ ಒಟ್ಟಿಗೆ ಗಟ್ಟಿಯಾದರೆ ಸ್ಟಿಯರಿಂಗ್ ಪಂಪ್, ಅದರ ಬೆಲ್ಟ್ ಮತ್ತು ಆಯಿಲ್ ಮಟ್ಟವನ್ನು ನೋಡಬೇಕು.

ಕೆಲಸ ಮುಗಿದ ಮೇಲೆ

ಆಯಿಲ್ ಪೈಪನ್ನು ಎಲ್ಲಿಯಾದರೂ ಬಿಚ್ಚಿದ್ದರೆ ಗಾಳಿ ತೆಗೆಯಲೇಬೇಕು. ಯಾವ ಚಕ್ರದಿಂದ ಶುರುಮಾಡಬೇಕು, ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಘಟಕಕ್ಕೆ ಸ್ಕ್ಯಾನರ್ ಬೇಕೇ ಎಂಬುದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ, ಸೀಲ್ ಒಡೆಯದ ಹೊಸ ಬಾಟಲಿಯ ಆಯಿಲನ್ನೇ ಬಳಸಬೇಕು. ಡಾಟ್ 5 ಸಿಲಿಕೋನ್ ಆಧಾರಿತವಾದುದರಿಂದ ಅದನ್ನು ಡಾಟ್ 3 ಅಥವಾ ಡಾಟ್ 4ರ ಜೊತೆ ಬೆರೆಸಬಾರದು.

ಮೊದಲ ಓಟಕ್ಕೆ ವಾಹನಗಳಿಲ್ಲದ ಸಮತಟ್ಟಾದ ಜಾಗ ಬೇಕು. ನಡಿಗೆಯ ವೇಗದಲ್ಲಿ ಒಮ್ಮೆ, ಆಮೇಲೆ ಗಂಟೆಗೆ 20 ಕಿಲೋಮೀಟರ್‌ನಲ್ಲಿ, ಅದಾದ ಮೇಲೆ 40ರಲ್ಲಿ ಬ್ರೇಕ್ ಹಾಕಿ ನೋಡಬೇಕು. ಹೊಸ ಪ್ಯಾಡ್ ಹಾಕಿದ್ದರೆ 60ರಿಂದ 20ಕ್ಕೆ ಮಧ್ಯಮ ಬಲದಲ್ಲಿ ಎಂಟು ಹತ್ತು ಬಾರಿ ವೇಗ ಇಳಿಸಿ, ನಡುನಡುವೆ ತಣಿಯಲು ಬಿಡಬೇಕು. ಹಿಂದಿರುಗಿದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ ಅಂಗೈ ತಂದು, ಲೋಹವನ್ನು ಮುಟ್ಟದೆ, ಒಂದೇ ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದೆಯೇ ಎಂದು ನೋಡಬೇಕು. ಕೊನೆಯ ಪರೀಕ್ಷೆಯನ್ನು ಮರುದಿನ ಬೆಳಿಗ್ಗೆಗೆ ಉಳಿಸಿಕೊಳ್ಳಬೇಕು: ರಾತ್ರಿಯಿಡೀ ಮುಟ್ಟದೆ ನಿಂತ ಕಾರಿನಲ್ಲಿ ಕುಳಿತು, ಎಂಜಿನ್ ಚಾಲೂ ಮಾಡುವ ಮೊದಲೇ ಪೆಡಲನ್ನು ಒಮ್ಮೆ ತುಳಿದಾಗ ಅದು ಮೆತ್ತಗೆ ಕೆಳಗಿಳಿದರೆ ನಿರ್ವಾತ ರಾತ್ರಿಯೆಲ್ಲ ಸೋರದೆ ನಿಂತಿದೆ, ಮೊದಲ ತುಳಿತವೇ ಗಟ್ಟಿಯಾಗಿದ್ದರೆ ಮತ್ತೆ ಚೆಕ್ ವಾಲ್ವ್‌ನಿಂದ ಶುರುಮಾಡಬೇಕು.